ಕೊನೆಯವನ ಮುಂದೆ

"ಗಾಡಿ ಹತ್ತಿ ಮೇಡಂ."

"ಹತ್ತಲ್ಲ!"

ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತಿದ್ದ ಅವಳು ತಲೆಯೆತ್ತಿದಳು. ಎದುರಿಗೆ ಹಳದಿ ಅಂಗಿಯವನು. ಅಂಗಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಕೊನೆ' ಎಂದಿತ್ತು. ಓಟದಲ್ಲಿ ಎಲ್ಲರಿಗಿಂತ ಹಿಂದೆ, ಗೊತ್ತುಮಾಡಿದ ವೇಗದಲ್ಲಿ ಬರುವುದು ಅವನ ಕೆಲಸ. ಅವನಿಗಿಂತಲೂ ಹಿಂದೆ ಬಿದ್ದವರು ವ್ಯಾನು ಹತ್ತಬೇಕು.

"ನಿಮ್ಮ ತುಟಿ ಬೆಳ್ಳಗಾಗಿದೆ. ದಯವಿಟ್ಟು..."

ಅವಳು ಹತ್ತಿದಳು. ಮನಸ್ಸಿನಲ್ಲೇ ಅವನಿಗೆ ಹಿಡಿಶಾಪ ಹಾಕುತ್ತಾ ಹತ್ತಿದಳು!

ಮನೆಯಲ್ಲಿ ಅವಳ ಹೆಸರೇ 'ಅರ್ಧಂಬರ್ಧ'. ಸಂಗೀತ ಅರ್ಧಕ್ಕೆ ಬಿಟ್ಟಳು, ಓದು ಅರ್ಧಕ್ಕೆ ಬಿಟ್ಟಳು, ಹೆಣೆಯಲು ಕೂತ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಆರಂಭಶೂರತನದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ಹೋಗ್ಲಿ ಬಿಡೇ, ಓಡಿದ್ದೇ ಅರ್ಧ ಮ್ಯಾರಥಾನ್. ಅದರಲ್ಲೂ ಅರ್ಧ!" ಅಕ್ಕ ನಕ್ಕಳು.

ಅವಳೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು.

'ಇದೊಂದನ್ನಾದ್ರೂ ಮುಗಿಸ್ತೀನಿ... ಮುಗಿಸೇ ತೀರ್ತೀನಿ!'

ಮರುವಾರ ಬೆಳಗ್ಗೆ ಮೈದಾನಕ್ಕೆ ಹೋದರೆ ಅಲ್ಲಿ ಅವನೇ! ಊರಿನಲ್ಲಿ ಕನ್ನಡಕದಂಗಡಿ ಇಟ್ಟಿದ್ದನಂತೆ.

"ಇಲ್ಲಿಗೂ ಗಾಡಿ ತಂದಿದೀರಾ?"

"ಇಲ್ಲ, ಇವತ್ತು ನಡ್ಕೊಂಡೇ ಬಂದೆ."

ನಗಬಾರದು ಎಂದುಕೊಂಡೇ ನಕ್ಕುಬಿಟ್ಟಳು. ಅಂದಿನಿಂದ ಇಬ್ಬರೂ ಜೊತೆಗೆ ಓಡತೊಡಗಿದರು.

ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ನಿಂತು ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುವ ಕಾಲುಗಳು ಅವಳವು. ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ, ಮನಸ್ಸು ಮುಂದಕ್ಕೆ, ಕಾಲು ಮನೆಯ ಕಡೆಗೆ! ಆದರೂ ಬಿಡಲಿಲ್ಲ. ಇಸ್ತ್ರಿ ಮೇಜಿನ ಹಿಂದೆಯೇ ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡ ಗಟ್ಟಿಮಾಡಿಕೊಂಡಳು. ಅವನು ಬಾರದ ದಿನವೂ ಓಡಿದಳು. ಬಂದ ದಿನ ಮಾತ್ರ ದಾರಿ ಸಾಲದು ಎನಿಸುತ್ತಿತ್ತು... ಏಕೆಂದು ಅವಳಿಗೆ ಗೊತ್ತಿತ್ತು.

ಮುಂದಿನ ವರ್ಷದ ಓಟದ ಹಿಂದಿನ ದಿನ ಅವನ ಕೈಚೀಲದಿಂದ ಹಳದಿ ಅಂಗಿ ಇಣುಕಿತು.

"ಈ ಸಲನೂ ನೀವೇನಾ?" ಅವಳು ಅಂಗಿಯತ್ತ ಬೆರಳು ಮಾಡಿದಳು. "ನಾನು ಕೊನೇಲೇ ಬರೋದು ಅಂತ ತೀರ್ಮಾನಿಸಿಬಿಟ್ರಾ?"

"ಹಾಗಲ್ಲ, ನಾನೇ ಕೇಳಿ..."

"ನಿಮ್ಮ ಕನಿಕರ ನನಗೆ ಬೇಡ!"

ಉತ್ತರಕ್ಕೂ ನಿಲ್ಲದೆ ನಡೆದುಬಿಟ್ಟಳು.

ಮರುದಿನ ಓಟದ ಮೊದಲರ್ಧ ಸರಿಯಾಗಿಯೇ ಸಾಗಿತು. ಆಮೇಲೆ ಅದೇ ಫುಟ್‌ಪಾತ್ ಬಂತು, ಕಳೆದ ವರ್ಷ ಕೂತ ಜಾಗ. ಮೀನಖಂಡ ಹಿಡಿದುಕೊಂಡಿತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿಹೋದರು. ಹಿಂದೆ ಉಳಿದದ್ದು ವ್ಯಾನಿನ ಸದ್ದು ಮತ್ತು ಅವನ ಹೆಜ್ಜೆ.

'ಕೂತುಬಿಡಲಾ? ಒಂದೇ ಒಂದು ನಿಮಿಷ...'

ಕುಂಟುತ್ತಲೇ ತಿರುಗದೆ ಕೇಳಿದಳು, "ನನಗೋಸ್ಕರ ಸ್ವಲ್ಪ ನಿಧಾನ ಮಾಡ್ತೀರಾ?"

"ಇಲ್ಲ."

ಅವಳು ಬೆಚ್ಚಿದಳು.

"ಒಂದು ಹೆಜ್ಜೆನೂ ಇಲ್ಲ. ನಿಮ್ಮ ಓಟಾನ ನಾನು ಅಷ್ಟು ಅಗ್ಗ ಮಾಡಲ್ಲ. ನನ್ನ ಮುಂದೆ ಇರೋವರೆಗೂ ನಿಮ್ಮನ್ನ ಯಾರೂ ಗಾಡಿ ಹತ್ತಿಸೋಕಾಗಲ್ಲ. ಓಡಿ!"

ಕನಿಕರವಲ್ಲ... ಇದು ಕನಿಕರವಲ್ಲವೇ ಅಲ್ಲ! ಅವಳ ಕಣ್ಣು ತುಂಬಿಬಂತು. ಹಲ್ಲು ಕಚ್ಚಿ ಕಾಲೆತ್ತಿದಳು. ಹೆಜ್ಜೆಯ ಸದ್ದು ಹತ್ತಿರವಾದಾಗಲೆಲ್ಲ ಇನ್ನಷ್ಟು ಜೋರಾಗಿ ಓಡಿದಳು. ನೋವು ಕಾಲಿಗೆ, ಹಟ ಅವಳಿಗೆ!

ಓಟ ಮುಗಿಯುವ ಗೆರೆಯ ಆಚೆ ಅಕ್ಕ ಚಪ್ಪಲಿ ಕಳಚಿಹೋದದ್ದೂ ತಿಳಿಯದೆ ಕುಣಿಯುತ್ತಿದ್ದಳು. "ಬಾರೇ! ಬಾ, ಬಾ!"

ದಾಟಿದಳು.

ಅಕ್ಕ ತಬ್ಬಿಕೊಂಡು ಬಿಕ್ಕಿದಳು. "ಇನ್ಮೇಲೆ ಆ ಹೆಸರು ಹಿಡಿದು ಯಾರಾದ್ರೂ ಕರೀಲಿ, ನೋಡ್ಕೋತೀನಿ."

"ನೀನೇ ಅಲ್ವೇನೇ ಇಟ್ಟಿದ್ದು!"

ಅಷ್ಟರಲ್ಲಿ ಅವನೂ ಗೆರೆ ದಾಟಿದ. ಎಲ್ಲರಿಗಿಂತ ಕೊನೆಯಲ್ಲಿ.

"ಆ ಅಂಗಿ ಯಾಕೆ ಕೇಳಿ ಹಾಕ್ಕೊಂಡ್ರಿ?" ಅವಳು ಮೆಲ್ಲನೆ ಕೇಳಿದಳು.

"ಹೋದ ವರ್ಷ ಗಾಡಿ ಹತ್ತಿಸಿದ್ದು ನಾನೇ. ಈ ಸಲ ನೀವು ಗೆರೆ ದಾಟೋದನ್ನೂ ನಾನೇ ನೋಡ್ಬೇಕಿತ್ತು. ಮತ್ತೆ... ನಾನು ನಿಮ್ಮನ್ನ..." ಅವನು ತಡವರಿಸಿದ.

"ಅರ್ಧಕ್ಕೆ ನಿಲ್ಲಿಸ್ಬೇಡಿ," ಎಂದಳು ಅವಳು, ಏದುಸಿರಿನಲ್ಲೇ ನಗುತ್ತಾ. "ಪೂರ್ತಿ ಹೇಳಿ."

ಅವನು ಪೂರ್ತಿ ಹೇಳಿದ.