ಬಿದ್ದ ನಕ್ಷತ್ರ ಯಾರದು?

"ಸಗಿಂದಿಕ್ ಮಾವಾ, ನನ್ನ ರೆಕಾರ್ಡರ್ ಯಾರೋ ಕದ್ದುಬಿಟ್ರು!" ಎನ್ನುತ್ತ ಪಕ್ಕದ ಮನೆಯ ಐಗಾನಿಮ್ ಬೆಳ್ಳಂಬೆಳಗ್ಗೆ ನಮ್ಮ ಅಡುಗೆಮನೆಗೇ ನುಗ್ಗಿದಳು. ನನ್ನ ಗಂಡ ಪೊಲೀಸ್ ಕೆಲಸದಿಂದ ನಿವೃತ್ತರಾದರೇನು, ಕೆಗೆನ್ ಕಡೆಯ ನಮ್ಮ ಹಳ್ಳಿಯವರು ಅವರನ್ನು ಬಿಟ್ಟರೆ ತಾನೇ!

ರಾತ್ರಿಯಿಡೀ ಅವಳೂ ಚಿಕ್ಕಪ್ಪನ ಮಗ ಮಿರಾಸನೂ ಅಂಗಳದಲ್ಲಿ ಮಲಗಿ ಉಲ್ಕೆ ನೋಡಿದ್ದರು. ಆಕಾಶದಿಂದ ಕಣ್ಣು ಕದಲಬಾರದೆಂದು, ಕಂಡದ್ದನ್ನು ಕೂಗಿ ತಂತಮ್ಮ ರೆಕಾರ್ಡರಿನಲ್ಲಿ ದನಿ ಮುದ್ರಿಸುವುದು ಅವರ ಕ್ರಮ. ಇಬ್ಬರ ಲೆಕ್ಕ ಬೆರೆಯದಿರಲೆಂದು, ಕಂಡವರು "ನನ್ನದು ಬಿತ್ತು!" ಎನ್ನಬೇಕು. ಆ ಲೆಕ್ಕ ಸಂಜೆಯೊಳಗೆ ಅಲ್ಮಾಟಿಯ ವೀಕ್ಷಕರ ಸಂಘ ಸೇರಿದರೆ ಮಾತ್ರ ಅವಳಿಗೆ ಬೆಟ್ಟದ ವೀಕ್ಷಣಾಲಯದ ಶಿಬಿರದಲ್ಲಿ ಜಾಗ. ವರ್ಷವೆಲ್ಲ ಅದೇ ಕನಸು ಕಂಡ ಹುಡುಗಿ.

"ಇದು ಮಿರಾಸನದೇ ಕೆಲಸ. ಅವನಿಗೂ ಆ ಜಾಗ ಬೇಕಲ್ಲ!" ಎಂದೆ.

"ನಿನಗೆ ಯಾವಾಗಲೂ ಅವಸರ ಕಣೇ," ಎಂದು ಇವರು ಹೊರಟರು. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ.

ಅಂಗಳದಲ್ಲಿ ಹಾಸಿಗೆ ಹಾಗೇ ಇತ್ತು. ಐಗಾನಿಮಳ ದಿಂಬೆತ್ತಿದರೆ ರೊಟ್ಟಿಯ ತುಂಡು! ಕೆಟ್ಟದ್ದು ಸುಳಿಯದಿರಲೆಂದು ನಮ್ಮಲ್ಲಿ ಮಕ್ಕಳ ದಿಂಬಿನಡಿ ರೊಟ್ಟಿ ಇಡುತ್ತಾರೆ. ಐಗಾನಿಮ್ ತಾನಿಟ್ಟಿಲ್ಲ ಎಂದಳು. ಪಕ್ಕದಲ್ಲೇ ಅವಳಜ್ಜಿ ಬಾತಿಮಾರ ಕಿಟಕಿ ತೆರೆದಿತ್ತು.

ಇವರು ಮನೆಯವರನ್ನೆಲ್ಲ ಚಹಾಕ್ಕೆ ಕೂರಿಸಿ ಕೇಳಿದರು: "ನಕ್ಷತ್ರ ಬಿದ್ದಾಗ ಏನಂತೀರಿ?"

"ನನ್ನದು ಬಿತ್ತು ಅಂತೀನಿ," ಮಿರಾಸ್ ನಕ್ಕ.

"ಬಿಡ್ತು ಅನ್ನೋ!" ಅಜ್ಜಿ ಸಿಡಿದರು. "ಅವರವರ ನಕ್ಷತ್ರ ಬಿದ್ರೆ ಅವರವರ ಆಯುಸ್ಸು ಮುಗೀತು ಅಂತ. 'ನನ್ನ ನಕ್ಷತ್ರ ಮೇಲಿದೆ' ಅನ್ನಬೇಕು."

ಇವರು ಬಟ್ಟಲು ಕೆಳಗಿಟ್ಟರು. "ಕಳ್ಳ ತಗೊಂಡು ಹೋಗ್ತಾನೆ, ರೊಟ್ಟಿ ಇಟ್ಟು ಹೋಗಲ್ಲ. ಹಾಗಾಗಿ ಶಿಬಿರದ ಆಸೆಗೆ ಕದ್ದಿದ್ದಲ್ಲ ಇದು. ಇಟ್ಟವರಿಗೆ ಈ ಹುಡುಗಿ ಅಂದ್ರೆ ಪ್ರಾಣ. ಮೊಮ್ಮಗಳು ರಾತ್ರಿಯೆಲ್ಲ ತನ್ನ ಸಾವನ್ನ ತಾನೇ ಕೂಗಿ ಕರೀತಿದಾಳೆ ಅಂತ ಹೆದರಿದವರು ಆ ಕಿಟಕಿಯಲ್ಲಿದ್ರು. ಅಲ್ವಾ, ಬಾತಿಮಾ ಅಮ್ಮಾ?"

ಅಜ್ಜಿ ಮಡಿಲಿನಿಂದ ರೆಕಾರ್ಡರ್ ತೆಗೆದರು. "ಇವಳಮ್ಮನ್ನ ಈ ಕೈಯಲ್ಲೇ ಮಣ್ಣು ಮಾಡಿದೀನಿ. ನನಗೆ ಉಳಿದಿರೋದು ಇವಳು. ಒಂದೊಂದು ಕೂಗಿಗೂ 'ಇಲ್ಲ, ಅವಳದು ಮೇಲಿದೆ' ಅಂತಿದ್ದೆ. ಬೆಳಗಿನ ಜಾವ ಹಾಳು ನಿದ್ದೆ ಹತ್ತಿಬಿಡ್ತು. ಬಿಟ್ಟುಹೋದ ಕೂಗುಗಳನ್ನ ಇದರಲ್ಲಿ ಕೇಳಿ ಈಗ ಹೇಳೋಣ ಅಂತ ತಂದೆ. ಯಾವ ಗುಂಡಿ ಒತ್ತಬೇಕೋ ಗೊತ್ತಾಗಲಿಲ್ಲ."

"ಅಜ್ಜೀ, ನಂದಕ್ಕೂ ಹೇಳಿದ್ಯಾ?" ಎಂದ ಮಿರಾಸ್.

"ಹೇಳದೆ ಇರ್ತೀನಾ, ಕತ್ತೆ!"

ಲೆಕ್ಕ ಸಂಜೆಗೆ ಮುಂಚೆಯೇ ಅಲ್ಮಾಟಿ ಸೇರಿತು. ಆದರೆ ಐಗಾನಿಮ್ ಮೊದಲು ಮಾಡಿದ್ದು ಅದನ್ನಲ್ಲ. ಅಳುತ್ತಲೇ ಅಜ್ಜಿಗೆ ಅಂಟಿ ಕೂತು ಗುಂಡಿ ಒತ್ತಿದಳು. "ನನ್ನದು ಬಿತ್ತು!" ಎಂದಿತು ಯಂತ್ರ. "ಇಲ್ಲ, ಅವಳದು ಮೇಲಿದೆ," ಎಂದರು ಅಜ್ಜಿ. ಅಜ್ಜಿ ಚಹಾ ಗುಟುಕರಿಸಲು ನಿಂತಾಗ ನಾವೆಲ್ಲ ಸೇರಿ ಹೇಳಿದೆವು. ಒಂದನ್ನೂ ಬಿಡಲಿಲ್ಲ.