ಅವ್ವನ ಶನಿವಾರ

"ಹನ್ನೆರಡು ಮೀಟರ್ ಇದೆ. ಎಂಟು ಜನಕ್ಕೂ ಲಂಗ ಆಗುತ್ತೆ ಅಲ್ವಾ?" ಎನ್ನುತ್ತಾ ವೆಂಕಟಮ್ಮ ಟೀಚರ್ ಹಸಿರು ಬಟ್ಟೆಯ ಗಂಟನ್ನು ಸುಮಳ ಕೈಗೆ ಹಾಕಿದರು. "ನಿಮ್ಮಮ್ಮಂಗೆ ಹೇಳು, ಆನ್ಯುವಲ್ ಡೇಗೆ ಇನ್ನು ಹದಿನೈದೇ ದಿನ. ಅಳತೆಯೆಲ್ಲ ಚೀಟೀಲಿ ಬರೆದು ಒಳಗಿಟ್ಟಿದ್ದೀನಿ."

ಸುಮ ಗಂಟನ್ನು ವಾಪಸ್ ಚಾಚಿದಳು. "ಟೀಚರ್, ಅದು..."

"ಅವರವ್ವ ಸೂಪರಾಗಿ ಒಲೀತಾರೆ ಟೀಚರ್! ಪ್ರತಿ ಶನಿವಾರ ತಾಳವಾಡೀಲಿ ಟೈಲರಿಂಗ್ ಕ್ಲಾಸ್‌ಗೆ ಓಯ್ತಾರೆ," ಎಂದಳು ಪಕ್ಕದಲ್ಲಿದ್ದ ಗೆಳತಿ ಪೂಜ.

ಪೂಜಳಿಗೆ ಹಾಗೆಂದು ಹೇಳಿದ್ದು ಯಾರು? ಇನ್ಯಾರು, ಸುಮಳೇ. "ನಿಮ್ಮವ್ವ ಶನಿವಾರ ಶನಿವಾರ ಎಲ್ಗೋಯ್ತಾರೆ?" ಎಂದು ಪೂಜ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು. ಹೇಳುವಾಗ ಅದು ಪುಟ್ಟದೊಂದು ಸುಳ್ಳು. ಅದು ಹನ್ನೆರಡು ಮೀಟರ್ ಉದ್ದ ಬೆಳೆಯುತ್ತದೆಂದು ಅವಳಿಗೇನು ಗೊತ್ತು!

ನಿಜ ಹೇಳಬೇಕೆಂದರೆ, ಅವ್ವನಿಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಮನಸ್ಸಿರಲಿಲ್ಲ. ಒಂದು ವರ್ಷದಿಂದ ಹೀಗೇ. ಬೆಳಿಗ್ಗೆ ಏಳಲಾರಳು. ತಮಿಳುನಾಡು ಸರ್ಕಾರ ಮನೆಮನೆಗೆ ಬಿಟ್ಟಿ ಕೊಟ್ಟ ಟಿವಿಯ ಮುಂದೆ ಕೂತು, ಅದನ್ನು ಹಾಕದೆ ಸುಮ್ಮನೆ ನೋಡುತ್ತಿರುವಳು. ಬಾಗಿಲಲ್ಲಿ ಯಾರಾದರೂ ಜೋರಾಗಿ ಕರೆದರೆ ಎದೆ ಹಿಡಿದುಕೊಂಡು ಬೆವರುವಳು. ಇದು ಮನಸ್ಸಿನ ಕಾಯಿಲೆ, ಮಾತ್ರೆಯ ಜೊತೆಗೆ ಮಾತೂ ಬೇಕು ಎಂದರು ತಾಳವಾಡಿಯ ಡಾಕ್ಟರು. ಅದಕ್ಕೇ ಆಸ್ಪತ್ರೆಯಲ್ಲಿ ಹೆಂಗಸರು ಸೇರಿ ಮಾತಾಡುವ ಶನಿವಾರದ ಗುಂಪು. ಅಪ್ಪ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದ.

ಮನಸ್ಸಿನ ಕಾಯಿಲೆ ಎಂದರೆ ಊರಿನ ಹುಡುಗರಿಗೆ ಗೊತ್ತಿದ್ದದ್ದು ಒಂದೇ ಮಾತು. ಮೂಲೆಮನೆಯ ರಾಚಪ್ಪನನ್ನು ಕಂಡರೆ "ಮೆಂಟ್ಲು, ಮೆಂಟ್ಲು" ಎಂದು ಕೂಗಿ ಓಡುತ್ತಿದ್ದರು. ಸುಮಳೂ ಒಮ್ಮೆ ಕೂಗಿದ್ದಳು.

ಬಟ್ಟೆಯ ಗಂಟನ್ನು ಮನೆಗೆ ಒಯ್ದು ಅವಳು ರಾಗಿ ಚೀಲದ ಹಿಂದೆ ತುರುಕಿದಳು.

ಆ ಶನಿವಾರ ಅಪ್ಪ ಲಾರಿಗೆ ಕೋಸು ಲೋಡ್ ಮಾಡಿಸಬೇಕಿತ್ತು. "ಅವ್ವನ ಜೊತೇಲಿ ನೀನೋಗು ಮಗ," ಎಂದ. ಬಸ್ಸಿನಲ್ಲಿ ಸುಮ ಅವ್ವನಿಗೆ ಸೀಟು ಹಿಡಿದುಕೊಟ್ಟು, ತಾನು ಮೂರು ಸೀಟು ಮುಂದೆ ಹೋಗಿ ಕೂತಳು.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಆರೇಳು ಹೆಂಗಸರು ಚಾಪೆಯ ಮೇಲೆ ಸುತ್ತ ಕೂತಿದ್ದರು. ನಡುವೆ ಒಂದು ಗುಡ್ಡೆ ಅವರೆಕಾಯಿ. ಎಲ್ಲರೂ ಕಾಯಿ ಸುಲಿಯುತ್ತಿದ್ದರು. ಇದೆಂಥ ಆಸ್ಪತ್ರೆಯಪ್ಪಾ ಎಂದು ಸುಮ ಕಣ್ಣು ಕಣ್ಣು ಬಿಟ್ಟಳು.

"ಮೊದಲು ಕುರ್ಚಿ ಹಾಕಿದ್ದೆ. ಯಾರೂ ಬಾಯೇ ಬಿಡಲಿಲ್ಲ," ಎಂದು ನಕ್ಕರು ಗುಂಪು ನಡೆಸುವ ಸೆಲ್ವಿ ಮೇಡಮ್. ಅವರ ಊರು ಈರೋಡು. ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು. "ಕೈಗೆ ಕೆಲಸ ಕೊಡಿ, ಬಾಯಿ ತಾನಾಗಿ ಬಿಡ್ತೀವಿ ಅಂದ್ರು ನಮ್ಮ ಕೆಂಚಮ್ಮ. ಕರೆಕ್ಟಾಗಿತ್ತು!"

ಮಗು ಇರಬಹುದಾ ಎಂದು ಅವರು ಎಲ್ಲರನ್ನೂ ಕೇಳಿದರು. ಎಲ್ಲರೂ ಹೂಂ ಎಂದ ಮೇಲೆ, ತಮಿಳಿನವರು ಮಕ್ಕಳನ್ನು ಮುದ್ದಾಗಿ ಕರೆಯುವಂತೆ, "ಬಾಗಿಲ ಹತ್ರ ಕೂತ್ಕೋ ಕಣ್ಣು. ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು, ಸರಿಯಾ?" ಎಂದರು. ಸುಮ ತಲೆಯಾಡಿಸಿದಳು.

"ಇವತ್ತು ಒಂದೇ ಪ್ರಶ್ನೆ," ಎಂದರು ಮೇಡಮ್. "ಇಲ್ಲಿಗೆ ಬರುವಾಗ ಊರಲ್ಲಿ ಏನಂತ ಹೇಳಿ ಬರ್ತೀರಿ?"

ಕಾಯಿ ಸುಲಿಯುವ ಕೈಗಳು ಚುರುಕಾದವು.

"ರೇಷನ್ ಕಾರ್ಡ್‌ಗೆ ಅಂತೀನಿ," ಎಂದಳು ಕೊನೆಗೆ ಕೆಂಚಮ್ಮ. "ಏಳ್ ತಿಂಗ್ಳಿಂದ ಅದೇ ಕಾರ್ಡ್‌ಗೆ ಬತ್ತಾವ್ನಿ. ಇನ್ನೂ ಕೊಟ್ಟಿಲ್ವಾ ಅಂತ ನಮ್ಮತ್ತೆ ಆಫೀಸ್ನವರ್ನೆಲ್ಲ ಬಯ್ತಾವ್ಳೆ!"

ಎಲ್ಲರೂ ಗೊಳ್ಳೆಂದರು. ಮುದುಕಿ ಪುಟ್ಟಮಲ್ಲಮ್ಮ ಹಲ್ಲುನೋವು ಎಂದು ಹೇಳಿ ಬರುತ್ತಿದ್ದಳಂತೆ. "ಇರಾದೇ ಮೂರು ಅಲ್ಲು!" ಎಂದು ಬಾಯಿ ತೆರೆದು ತೋರಿಸಿದಳು. ಸುಮಳಿಗೂ ನಗು ಬಂತು.

"ನನ್ನದೂ ಕೇಳಿ," ಎಂದರು ಸೆಲ್ವಿ ಮೇಡಮ್. ಅವರ ಮುಖ ಕೆಂಪಾಗಿತ್ತು. "ನಮ್ಮಮ್ಮ ಊರಲ್ಲೆಲ್ಲ ನಾನು ಕಣ್ಣಾಸ್ಪತ್ರೇಲಿ ಇದ್ದೀನಿ ಅಂತ ಹೇಳಿದ್ದಾರೆ. ಮನಸ್ಸಿನ ಕಾಯಿಲೆ ಕೆಲಸ ಅಂದ್ರೆ ಗಂಡು ಸಿಗಲ್ವಂತೆ. ನಾಚಿಕೆ ಬೇಡ ಅಂತ ನಿಮಗೆಲ್ಲ ಹೇಳ್ತೀನಿ. ಅಮ್ಮ ಹಾಗೆ ಹೇಳುವಾಗ ನಾನೂ ಸುಮ್ಮನೇ ಇರ್ತೀನಿ."

ಈ ಸಲ ಯಾರೂ ನಗಲಿಲ್ಲ. ಪುಟ್ಟಮಲ್ಲಮ್ಮ ಒಂದು ಹಿಡಿ ಕಾಯನ್ನು ಮೇಡಮ್ ಕಡೆ ತಳ್ಳಿ, "ಸುಲೀರವ್ವ," ಎಂದಳು.

ಆಮೇಲೆ ಅವ್ವನ ಸರದಿ. ಅವ್ವ ತಲೆ ಎತ್ತಲಿಲ್ಲ.

"ನಾನು ಮಂಡಿನೋವು ಅಂತೀನಿ. ನನ್ ಮಗ್ಳು ಟೈಲರಿಂಗ್ ಅಂದವ್ಳೆ."

ಸುಮಳ ಕಿವಿ ಬಿಸಿಯಾಯಿತು.

"ರಾಗಿ ಚೀಲದ ಇಂದೆ ಬಟ್ಟೆ ಸಿಕ್ತು. ಒಳ್ಗೆ ಟೀಚರ್ ಬರ‍್ದಿರೋ ಚೀಟಿ. ಟೈಲರಿಂಗ್ ಕಲೀತಿದ್ದೀರಂತೆ, ಲಂಗ ಒಲ್ಕೊಡಿ ಅಂತ. ಬಯ್ಯಾನ ಅನ್ಕಂಡೆ, ಕ್ವಾಪ ಬರ್ನಿಲ್ಲ." ಅವ್ವನ ದನಿ ಸಣ್ಣದಾಯಿತು. "ಒಲಿಗೆ ಕಲಿಯೋ ಅವ್ವ ಇದ್ದಿದ್ರೆ ಚೆಂದಾಗಿರದು ಅಂತ ನಂಗೂ ಅನ್ನುಸ್ತು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಸುಮಳಿಗೆ. ಅವ್ವ ನಾಲ್ಕು ಏಟು ಹೊಡೆದಿದ್ದರೂ ಎಷ್ಟೋ ಚೆನ್ನಾಗಿತ್ತು. ಇಷ್ಟು ದಿನ ಅವ್ವನಿಂದ ತನಗೆ ನಾಚಿಕೆ ಎಂದುಕೊಂಡಿದ್ದಳು. ಇವತ್ತಿನದು ಬೇರೆ ನಾಚಿಕೆ, ತನ್ನದೇ ಸ್ವಂತದ್ದು.

ವಾಪಸ್ ಬರುವಾಗ ಅವ್ವನ ಪಕ್ಕದಲ್ಲೇ ಕೂತಳು. ಬಸ್ಸು ಪಣಕಹಳ್ಳಿ ಹತ್ತಿರ ಬಂದಾಗ ಅವ್ವ, "ಸೋಮ್ವಾರ ನಾನೇ ಸ್ಕೂಲ್ಗೆ ಬತ್ತೀನಿ. ಬಟ್ಟೆ ಕೊಡ್ಬೇಕಲ್ಲ," ಎಂದಳು.

"ಬ್ಯಾಡ ಕಣವ್ವ!" ಎಂದುಬಿಟ್ಟಳು ಸುಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆದರೂ ಸೋಮವಾರ ಅವ್ವ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ದಾರಿಯಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಶಾಲೆಯ ವರಾಂಡದಲ್ಲಿ ಪೂಜ ಮತ್ತು ಡ್ಯಾನ್ಸಿನ ಹುಡುಗಿಯರೆಲ್ಲ ನಿಂತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು.

"ಓ, ರೆಡಿ ಆಯ್ತಾ?" ಎಂದು ಟೀಚರ್ ಕೈ ಚಾಚಿದರು.

"ಇಲ್ಲ ಟೀಚರ್. ನಂಗೆ ಒಲಿಯಕ್ಕೆ ಬರಲ್ಲ," ಎಂದಳು ಅವ್ವ. ಗಂಟನ್ನು ಟೀಚರ್ ಮುಂದೆ ಹಿಡಿದಳು. "ಶನಿವಾರ ನಾನು ಓಗದು ಆಸ್ಪತ್ರೆಗೆ. ನಂಗೆ ಮನ್ಸಿಗೆ ಉಸಾರಿಲ್ಲ. ಅಲ್ಲಿ ಎಲ್ಲಾರೂ ಕೂತ್ಕಂಡು ಮಾತಾಡ್ತೀವಿ."

ಹುಡುಗಿಯರೆಲ್ಲ ಅವ್ವನನ್ನೇ ನೋಡಿದರು. ಟೀಚರ್ ಗಂಟನ್ನು ತೆಗೆದುಕೊಂಡು ಸುಮಳ ಕಡೆ ತಿರುಗಿದರು. "ಮತ್ತೆ ಟೈಲರಿಂಗ್ ಅಂತ ಯಾಕೆ ಸುಳ್ಳು ಹೇಳಿದೆ?"

"ಮಗೀಗೆ ಏನೂ ಅನ್ಬೇಡಿ," ಎಂದಳು ಅವ್ವ ತಟ್ಟನೆ. "ನಾನೇ ಅಂಗೆ ಏಳು ಅಂದಿದ್ದೆ. ತಪ್ಪು ನಂದೇ."

ಸುಮ ಅವ್ವನ ಮುಖ ನೋಡಿದಳು. ತನ್ನ ವಿಷಯವನ್ನೆಲ್ಲ ಇದ್ದ ಹಾಗೇ ಹೇಳಿದ ಅವ್ವ ಈಗ ಮಗಳಿಗಾಗಿ ಸುಳ್ಳು ಹೇಳುತ್ತಿದ್ದಳು. ಸುಮ್ಮನಿದ್ದರೆ ಸಾಕು, ಎಲ್ಲ ಮುಗಿದುಹೋಗುತ್ತಿತ್ತು. ಟೀಚರ್ ಆಗಲೇ ಸರಿ ಸರಿ ಎಂದು ತಲೆಯಾಡಿಸುತ್ತಿದ್ದರು.

"ಇಲ್ಲ ಟೀಚರ್," ಎಂದಳು ಸುಮ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. "ಇಲ್ಲ ಟೀಚರ್. ಅವ್ವ ಏಳ್ಕೊಟ್ಟಿಲ್ಲ. ನಾನೇ ಏಳಿದ್ದು. ನಂಗೆ... ನಾಚ್ಕೆ ಆಯ್ತಿತ್ತು."

ಪೂಜ ಬಾಯಿ ತೆರೆದು ನಿಂತಳು. ಈಗ ಎಲ್ಲರೂ ಸುಮಳನ್ನೇ ನೋಡುತ್ತಿದ್ದರು. ಅವಳ ಮುಖ ಸುಡುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕಾಲುಗಳು ಓಡು ಓಡು ಎನ್ನುತ್ತಿದ್ದವು. ಅವ್ವ ಮನೆಯಿಂದ ಇಲ್ಲಿಯವರೆಗೂ ಹೀಗೇ ನಡೆದು ಬಂದಿದ್ದಾಳೆ ಎಂದು ಸುಮಳಿಗೆ ಆಗ ಗೊತ್ತಾಯಿತು.

ಅವಳು ಓಡಲಿಲ್ಲ. ಅವ್ವನ ಪಕ್ಕಕ್ಕೆ ಸರಿದು ನಿಂತಳು.