ಮಗ್ಗದ ಮನೆಯ ಆರ್ಕಿಡ್

ಲಿಂಗಸಾಮಿ ಬಾವ ಬಸ್ಸಿಳಿದು ಮನೆಗೆ ಬಂದವರು ಮೊದಲು ನೋಡಿದ್ದು ನನ್ನನ್ನಲ್ಲ, ಮಗ್ಗದ ಮನೆಯ ಕಿಟಕಿಯಲ್ಲಿ ತೂಗುತ್ತಿದ್ದ ಬುಟ್ಟಿಯನ್ನು. ನಾನು ಕನಕಾಂಬರ ಮುಡಿದು, ಹಸಿರು ಸೀರೆಯುಟ್ಟು ಕಂಬಕ್ಕೊರಗಿ ನಿಂತಿದ್ದೆ. ಅಷ್ಟೊಂದು ಸಿಂಗಾರ ಯಾರಿಗೆ ಸ್ವಾಮಿ, ಆ ಕಂಬಕ್ಕೇ?

"ಶಿವಗಾಮೀ, ಇದರ ಕೆಳಗೆ ಬಂದದ್ದೆಲ್ಲ ಎಲ್ಲಿ?" ಎಂದರು. ಮುಖ ಬಿಳುಚಿಕೊಂಡಿತ್ತು.

"ಕೆಳಗೆ ಜೋತಾಡ್ತಾ ಇತ್ತಲ್ಲ, ಅದಾ? ನಾನೇ ಕತ್ತರಿಸಿದೆ" ಎಂದೆ, ಜಂಬದಿಂದಲೇ.

"ನೀನೇನಾ?"

"ಮತ್ತಿನ್ಯಾರು?"

"ಸೆರಿ. ತಿಳೀತು" ಎಂದು ತಲೆ ತಗ್ಗಿಸಿ ಒಳಗೆ ಹೋದರು. ಏನು ತಿಳಿಯಿತೋ, ನನಗಂತೂ ಒಂದೂ ತಿಳಿಯಲಿಲ್ಲ.

ಬಾವ ನನ್ನ ಅತ್ತೆಯ ಮಗ. ಆನೆಮಲೆಯ ಟೀ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಹೋದ ಸಲ ಬಂದಾಗ, ಕಡಿದುರುಳಿಸಿದ ಮರದ ಕೊಂಬೆಯಿಂದ ಬಿಡಿಸಿದ ಗಿಡವೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದರು. ಅದರ ಹೆಸರು ಆರ್ಕಿಡ್ ಅಂತೆ. ಬಿದಿರು ಬುಟ್ಟಿಗೆ ತೆಂಗಿನ ಸಿಪ್ಪೆ, ಇದ್ದಿಲ ಚೂರು ತುಂಬಿ, ಗಿಡ ಕೂರಿಸಿ, ತಾವೇ ತೂಗುಹಾಕಿದ್ದರು.

"ಮಣ್ಣು ಹಾಕ್ಬೇಡ. ಗಾಳೀಲಿ ತೇವ ಇದ್ರೆ ಸಾಕು, ಬದುಕ್ಕೊಳ್ತದೆ."

"ಬರೀ ಗಾಳಿ ಕುಡ್ಕೊಂಡಾ? ಒಳ್ಳೆ ಸನ್ಯಾಸಿ ಗಿಡ ತಂದ್ರಿ ಬಾವಾ!"

ಅವರು ನಕ್ಕು ನನ್ನತ್ತ ಕಣ್ಣೆತ್ತಿದರು. ನಾನೂ ನೋಡಿದೆ ನೋಡಿ, ತಕ್ಷಣ ಬುಟ್ಟಿಯ ಹಗ್ಗ ಸರಿಮಾಡತೊಡಗಿದರು. ಹಗ್ಗ ಸರಿಯಾಗಿಯೇ ಇತ್ತು. "ಇದು ಬೇರು ಬಿಟ್ಟು ಹಿಡ್ಕೊಳ್ಳಲಿ, ಆಮೇಲೆ ನಿನಗೊಂದು ಮಾತು ಹೇಳ್ಬೇಕು" ಎಂದು ಕಿವಿಯವರೆಗೂ ಕೆಂಪಾಗಿ ಬಸ್ಸು ಹತ್ತಿದರು.

ನಮ್ಮ ತುಡಿಯಲೂರಿನ ಬಿಸಿಲಿಗೆ ನೂಲು ಪಟಪಟನೆ ಹರಿಯುತ್ತದೆ. ಅದಕ್ಕೇ ಮಗ್ಗದ ಮನೆಯ ನೆಲಕ್ಕೆ ಸದಾ ನೀರು ಚಿಮುಕಿಸುತ್ತೇವೆ. ಆ ತಂಪು ಗಿಡಕ್ಕೆ ಹಿಡಿಸಿಬಿಟ್ಟಿತು. ಹೊಸ ಎಲೆ ಬಂತು, ಬುಟ್ಟಿಯ ತಳದಿಂದ ಬೆಳ್ಳಗಿನ ಎಳೆಗಳು ಗೇಣುದ್ದ ಇಳಿದವು. ಬಾವ ಬರುವ ದಿನ ಬುಟ್ಟಿ ಚೆಂದ ಕಾಣಲೆಂದು, ಮಗ್ಗದಿಂದ ಇಳಿಸಿದ ಸೀರೆಯ ಎಳೆ ಕತ್ತರಿಸುವ ಹಾಗೆ ಒಂದೂ ಬಿಡದೆ ಕತ್ತರಿಸಿದ್ದೆ. ನೇಯುವವರ ಮನೆ ಹುಡುಗಿ ನಾನು. ನೇತಾಡುವ ಎಳೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಬೇರು ಅಂದರೆ ಮಣ್ಣೊಳಗೆ ಇರುವುದು ಅಂತಲೇ ನನ್ನ ಲೆಕ್ಕ.

ಅಪ್ಪ ಬಾವನನ್ನು ಕರೆಸಿದ್ದು ಬೇರೆ ಕಾರಣಕ್ಕೆ. ತಿರುಪ್ಪೂರಿನ ಹತ್ತಿ ವ್ಯಾಪಾರಿಯ ಮನೆಯವರು ನನ್ನನ್ನು ಕೇಳಿದ್ದರು. ನಮ್ಮಲ್ಲಿ ಅತ್ತೆ ಮಗನಿರುವಾಗ ಹೆಣ್ಣನ್ನು ಹೊರಗೆ ಕೊಡುವ ಹಾಗಿಲ್ಲ. ಅವನಿಗೆ ಮೊದಲು ತಾಂಬೂಲ ಹಿಡಿಯಬೇಕು. ತೆಗೆದುಕೊಂಡರೆ ಹಕ್ಕು ಬಿಟ್ಟ ಹಾಗೆ. ಬಾವ ಅದನ್ನು ಮುಟ್ಟಿದರೆ ನಾನು ತಿರುಪ್ಪೂರಿಗೆ. ಆದರೆ ನನಗೆ ಬೇಕಾಗಿದ್ದವರು ಈ ಕಿವಿ ಕೆಂಪಾಗುವ ಮನುಷ್ಯ ಒಬ್ಬರೇ.

ನಡುಮನೆಯಲ್ಲಿ ಅಪ್ಪ ತಾಂಬೂಲದ ತಟ್ಟೆ ಮುಂದಿಟ್ಟರು. "ಏನಪ್ಪಾ ಲಿಂಗಸಾಮಿ, ನಿನ್ನ ಮನಸಲ್ಲಿ ಏನದೆ ಬಿಚ್ಚಿ ಹೇಳು."

"ನಾನೇನು ಹೇಳ್ಲಿ ಮಾವಾ? ಅವಳೇ ಹೇಳಿಯಾಯ್ತಲ್ಲ. ಬೇರನ್ನೇ ಕತ್ತರಿಸಿ ಹಾಕಿದ್ದಾಳೆ." ಬಾವ ತಟ್ಟೆಗೆ ಕೈ ಚಾಚಿದರು.

ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅಯ್ಯೋ ದೇವರೇ, ಅದು ಬೇರಾ! ನಾನು ಬೇಡವೆಂದೆ ಎಂದುಕೊಂಡಿದ್ದಾರೆ ಈ ಮಹಾನುಭಾವರು! ನಾಚಿಕೆಯೆಲ್ಲ ಬಿಟ್ಟು ಒಳಗೆ ನುಗ್ಗಿದೆ.

"ಎಳೆ ಅಂದ್ಕೊಂಡು ಕತ್ತರಿಸಿದೆ ಬಾವಾ! ನೀವು ಬರ್ತೀರಂತ, ಚೆಂದ ಕಾಣ್ಲಿ ಅಂತ ಕತ್ತರಿಸಿದೆ! ಬೇಡ ಅನ್ನೋದಿದ್ರೆ ನನಗೆ ಬಾಯಿಲ್ವಾ?"

"ಚೆಂದ ಕಾಣ್ಲಿ ಅಂತಾನಾ?" ಬಾವನ ಮುಖ ನಿಧಾನವಾಗಿ ಅರಳಿತು. "ಗಿಡಕ್ಕೇನೂ ಆಗಲ್ಲ ಬಿಡು. ಎಲೆ ಗಟ್ಟಿಯಾಗಿದೆ, ಮತ್ತೆ ಬಿಡ್ತದೆ."

ಗಿಡದ ಮಾತು ಸರಿ, ನನ್ನ ಮಾತು? ಬಾವನ ಕೈ ಇನ್ನೂ ತಟ್ಟೆಯ ಮೇಲೆಯೇ ನಿಂತಿತ್ತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಪ್ಪ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ನನಗೆ ಕೋಪ ನೆತ್ತಿಗೇರಿತು. ಬಗ್ಗಿ ತಟ್ಟೆಯ ಎಲೆ ಅಡಿಕೆಯನ್ನೆಲ್ಲ ಬಾಚಿ ಬಾಯಿಗೆ ತುರುಕಿಕೊಂಡೆ.

"ಏನೇ ಇದು ಶಿವಗಾಮೀ!" ಅಪ್ಪ ಹೌಹಾರಿದರು.

ಬಾಯಿ ತುಂಬಿತ್ತು. ಕಣ್ಣಲ್ಲಿ ನೀರು ಬೇರೆ. ಬಾವ ನನ್ನನ್ನೇ ನೋಡಿದರು, ಮೊದಲ ಸಲ ಕಣ್ಣು ತಪ್ಪಿಸದೆ. ಆಮೇಲೆ ಖಾಲಿ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಅಪ್ಪನಿಗೆ ಕೊಟ್ಟರು.

"ಎಲೆ ಮುಗಿದೋಯ್ತು ಮಾವಾ" ಎಂದರು. "ನನಗೆ ಹುಡುಗಿಯನ್ನೇ ಕೊಟ್ಬಿಡಿ."